ಪತ್ರಾ ಕಣಜದ ಬೀಜದ ಭತ್ತ

ಖಾನಾಪುರ ಠಾಣೆಯ ಹವಾಲ್ದಾರ ಮಜೀದ ಒಂದು ಚಿಟಿಕೆ ಸಗಣಿ ಮೂಸಿದರೆ ಸಾಕು, ಅದು ಯಾವ ಎಮ್ಮೆಯದು, ಎಮ್ಮೆಯ ಮಾಲೀಕ ಯಾರು, ಆ ಮಾಲೀಕ ನಿನ್ನೆ ಸಂಜೆ ಯಾರೊಂದಿಗೆ ಜಗಳವಾಡಿದ ಎಂಬ ಮೂರನ್ನೂ ಹೇಳಿಬಿಡುತ್ತಿದ್ದ. ದೆಹಲಿಯಿಂದ ಎರಡು ಸಲ ಕರೆ ಬಂದಿತ್ತು. ಅಲ್ಲಿಯ ನೀರು ಒಗ್ಗುವುದಿಲ್ಲವೆಂದು ಅವನೇ ಹೋಗಲಿಲ್ಲ.

ದಿನಾಂಕ 22-5-1978, ಸೋಮವಾರ, ಬೆಳಿಗ್ಗೆ 9.40. ಸೋನಾಬಾಯಿ ಎಂಬ ರೈತ ಹೆಣ್ಣುಮಗಳು ಸೆರಗಿನಲ್ಲಿ ಕಟ್ಟಿ ತಂದ ಹೊಟ್ಟನ್ನು ಪಿಎಸ್‌ಐ ನಾಗಲಿಂಗರ ಮೇಜಿನ ಮೇಲೆ ಸುರಿದಳು.

“ಏನಿದು?”

“ನನ್ನ ಬೀಜದ ಭತ್ತರೀ, ಸಾಹೇಬ್ರ. ಐದು ಚೀಲಕ್ಕೂ ಮ್ಯಾಲ ಇತ್ತು. ಈಗ ಹಿಂಗಾಗೇತಿ.”

“ಎಲ್ಲಿಟ್ಟಿದ್ರಿ?”

“ಪತ್ರಾದ ಕಣಜದಾಗ್ರಿ. ಹಲ್ಲಾಗ ಕಡದರ ಕಟ್ ಅನ್ನೂತನಕ ನಾಕು ಬಿಸಲು ಒಣಗಿಸಿ ತುಂಬೀನಿ. ಮುಚ್ಚಳಕ್ಕ ಸಗಣಿ ಮೆತ್ತಿ ಕೈ ಒತ್ತೀನಿ.”

“ಯಾರ ಮ್ಯಾಲ ಸಂಶಯ?”

“ಇಲಿ ಮ್ಯಾಲಂತೂ ಇಲ್ರಿ. ಇಲಿ ಸಗಣಿ ಮೆತ್ತಂಗಿಲ್ಲ.”

ಸಂಗತಿ ಇಷ್ಟು. ಸೋನಾಬಾಯಿಯ ಊರಿನ ಮಣ್ಣಿನ ಕಣಜಗಳಲ್ಲಿ ವರ್ಷಾ ವರ್ಷಾ ಮೂರರಲ್ಲೊಂದು ಪಾಲು ಇಲಿಗೂ ನುಸಿಗೂ ಹೋಗುತ್ತಿತ್ತು. ಪತ್ರಾ ಅಂದರೆ ತಗಡಿನ ಕಣಜವನ್ನು ಮೊದಲು ಮನೆಗೆ ತಂದವಳು ಸೋನಾಬಾಯಿ. ಗಂಡ ವಡಗಾವಿಯ ಮಗ್ಗದಲ್ಲಿದ್ದುದರಿಂದ ಎರಡೆಕರೆ ಹೊಲ ಅವಳದೇ ಜವಾಬ್ದಾರಿ. ಅವಳ ಮಾತು ನಂಬಿ ಇನ್ನೂ ಹದಿನಾಲ್ಕು ಮನೆಯವರು ತಂದಿದ್ದರು. ಅಂದು ಮುಂಜಾನೆ ಎಲ್ಲರಿಗೂ ತೋರಿಸಲೆಂದು, ಒಡೆಯದೆ ಇದ್ದ ಸಗಣಿಯ ಮುದ್ರೆ ಬಿಡಿಸಿ ಮುಚ್ಚಳ ತೆಗೆದರೆ ಮೇಲೊಂದು ಗೇಣು ಭತ್ತ, ಕೆಳಗೆಲ್ಲ ಹೊಟ್ಟು. ಪತ್ರಾದೊಳಗೆ ಉಸಿರುಗಟ್ಟಿ ಭತ್ತ ಸತ್ತಿತೆಂದು ಊರೇ ತೀರ್ಪು ಕೊಟ್ಟಿತು. ಹದಿನಾಲ್ಕು ಮನೆಯವರೂ ಕಣಜ ಬೀದಿಗೆ ಎಸೆಯಲು ನಿಂತರು. ರೋಹಿಣಿ ಮಳೆಗೆ ಇನ್ನು ಮೂರೇ ದಿನ. ಬೀಜವಿಲ್ಲದಿದ್ದರೆ ಬಿತ್ತನೆಯೂ ಇಲ್ಲ, ಊರಲ್ಲಿ ಸೋನಾಬಾಯಿಯ ಮಾತಿಗೆ ಬೆಲೆಯೂ ಇಲ್ಲ.

ಗುನ್ನೆ ನಂ. 41/78, ಕಲಂ 380ರಡಿ ಎಫ್‌ಐಆರ್ ಆಯಿತು. ಮಧ್ಯಾಹ್ನ 12.15ಕ್ಕೆ ಗುರುಪುತ್ರಪ್ಪ, ಚಂದ್ರವ್ವ ಇವರನ್ನು ಪಂಚರನ್ನಾಗಿಟ್ಟು ಸ್ಥಳ ಪಂಚನಾಮೆ. ಮುಚ್ಚಳದಿಂದ ಬಿಡಿಸಿದ ಒಣ ಸಗಣಿಯ ಮುದ್ರೆಯನ್ನು ಮಜೀದ ಒಂದೇ ಕಣ್ಣಿನಲ್ಲಿ ನೋಡಿದ. ಎರಡೂ ಕಣ್ಣು ಬೇಕಾಗಲಿಲ್ಲ. ಹೆಂಗಸರು ಅಂಗೈ ಒತ್ತಿದರೆ ಮಣಿಕಟ್ಟಿನ ಬಳೆಯ ಗೆರೆಯೂ ಮೂಡುತ್ತದೆ. ಇಲ್ಲಿ ಬಳೆಯ ಗೆರೆ ಇರಲಿಲ್ಲ.

“ಗಂಡಸಿನ ಕೈರಿ, ಸಾಹೇಬ್ರ.”

“ನಮ್ಮೂರ ಗಂಡಸು ಸಗಣಿ ಮೆತ್ತಿದ್ದು ಇದ ಮೊದಲ ನೋಡ್ರಿ!” ಎಂದಳು ಚಂದ್ರವ್ವ.

ಸೋನಾಬಾಯಿ ಮೇಲಿನ ಗೇಣು ಭತ್ತದಿಂದ ನೂರು ಕಾಳು ಎಣಿಸಿ, ಒದ್ದೆ ಗೋಣಿತಾಟಿನಲ್ಲಿ ಸುತ್ತಿ, ಠಾಣೆಯ ಬೆಂಚಿನ ಮೇಲಿಟ್ಟಳು. “ಸತ್ತೈತೋ ಬದಕೈತೋ, ಅದ ಹೇಳ್ಲಿ.”

23ರಂದು ಮಜೀದ ಮುದ್ರೆಯೊಂದಿಗೆ ಬೆಳಗಾವಿಗೆ ಹೋದ. ಬೆರಳಚ್ಚು ತಜ್ಞರು ಕುರ್ಚಿ ಬಿಟ್ಟೆದ್ದು ಸಲ್ಯೂಟ್ ಹೊಡೆದರು. 24ರಂದು ಊರ ಚಾವಡಿಯ ಮುಂದೆ ನಾನ್ನೂರ ಮೂವತ್ತು ಗಂಡಸರು ಸಾಲಾಗಿ ಹಸಿ ಸಗಣಿಯಲ್ಲಿ ಕೈ ಒತ್ತಿದರು. ಊರಲ್ಲಿದ್ದ ಗಂಡಸರು ಎಂಬತ್ತೇ. ಉಳಿದವರು ಮಜೀದನ ಹೆಸರು ಕೇಳಿ ಬಂದವರು.

26, ಶುಕ್ರವಾರ, ಬೆಳಿಗ್ಗೆ 10. ಠಾಣೆಯ ಅಂಗಳದಲ್ಲಿ ಊರೇ ನೆರೆದಿತ್ತು. ಪಿಎಸ್‌ಐ ಗೋಣಿತಾಟು ಬಿಚ್ಚಿದರು. ಕಾಳುಗಳು ಬೆಳ್ಳನೆಯ ಬಾಲ ಬಿಟ್ಟಿದ್ದವು. ಎಣಿಸಿದರೆ ತೊಂಬತ್ತಾರು! ಸೋನಾಬಾಯಿಯ ಓಣಿಯ ಹೆಂಗಸರು ಹಾಕಿದ ಕೇಕೆಗೆ ಲಾಕಪ್ಪಿನ ಬಾಗಿಲು ತಾನೇ ತೆರೆಯಿತು. ಸೋನಾಬಾಯಿಯ ಮನೆಯ ಇನ್ನೊಂದು ಮಗ್ಗುಲಲ್ಲಿ ವಾಸವಿದ್ದ ಅವಳ ಮೈದುನ ಪಾಯಪ್ಪ ಮೊಳಕೆಗಳನ್ನು ಎರಡು ಸಲ ಎಣಿಸಿದ. ಮನೆಯತ್ತ ಹೊರಟುಹೋದ.

27ರ ಬೆಳಿಗ್ಗೆ 6.30ಕ್ಕೆ ಮಜೀದ ವಾಸನೆ ಹಿಡಿದು ಪಾಯಪ್ಪನ ಹಂಚಿನ ಛಾವಣಿ ಏರಿ, ಅಲ್ಲಿಂದ ಹುಲಿಯಂತೆ ಜಿಗಿದು ಅವನನ್ನು ದಸ್ತಗಿರಿ ಮಾಡಿದ. ಒಣಹುಲ್ಲಿನಲ್ಲಿ ಬಿಗಿದು ಕಟ್ಟಿದ್ದ ಐದು ಮೂಟೆ ಭತ್ತ ಸಿಕ್ಕಿತು. ಒಂದನ್ನು ಇಲಿ ಅರ್ಧ ಮುಗಿಸಿತ್ತು. ಉಳಿದ ನಾಲ್ಕೂವರೆ ಚೀಲ ರೋಹಿಣಿಗೇ ಹೊಲ ಸೇರಿತು. ಮುಂದಿನ ಸುಗ್ಗಿಗೆ ಆ ಊರಲ್ಲಿ ಐವತ್ತು ಪತ್ರಾ ಕಣಜಗಳಾದವು.

ಪಾಯಪ್ಪನ ಹೇಳಿಕೆ ನಾಲ್ಕೇ ಸಾಲು. “ಬೀಜ ಅಂದ್ರ ಜೀವರಿ. ವೈನಿ, ನಮ್ಮಣ್ಣನ ಹೇಂತಿ, ಅದನ್ನ ಗಾಳಿ ಇಲ್ಲದ ಡಬ್ಬ್ಯಾಗ ಹಾಕಿದ್ಲು. ಹೇಳಿದ್ರ ಕೇಳಲಿಲ್ಲ. ಬಿತ್ತೂ ದಿನ ತಿರುಗಿ ಇಡಾಂವ ಇದ್ದೆ.” ಮಾರುವ ಯೋಚನೆ ಅವನಿಗೆ ಒಮ್ಮೆಯೂ ಬಂದಿರಲಿಲ್ಲ.

ಇಷ್ಟು ಬರೆದು ಮನೆಯಾಕೆ ರಾಜಬೀಗೆ ಓದಿ ಹೇಳಿದೆ. ಅವಳು ಉರ್ದುವಿನಲ್ಲಿ ನಕ್ಕು ಕನ್ನಡದಲ್ಲಿ ಬೈದಳು. “ಛಾವಣಿ ಮ್ಯಾಲಿಂದ ಜಿಗದ್ರಿ? ನಿಚ್ಚಣಿಕಿಯ ಎರಡನೇ ಮೆಟ್ಟಲಕ್ಕ ತಲಿ ತಿರಗತೈತಿ ನಿಮಗ! ಖರೇ ಬರೀರಿ.”

ಹೌದು, ಆ ಮಜೀದ ನಾನೇ. ಬಳೆಯ ಗೆರೆ ಇಲ್ಲವೆಂದು ಮೊದಲು ಹೇಳಿದವಳು ಚಂದ್ರವ್ವ. ಮುದ್ರೆ ಬೆಳಗಾವಿ ಮುಟ್ಟಲೇ ಇಲ್ಲ. ಪೀರನವಾಡಿಯ ಹತ್ತಿರ ಬಸ್ಸಿನಲ್ಲಿ ನಾನೇ ಅದರ ಮೇಲೆ ಕುಳಿತುಬಿಟ್ಟೆ. ಹಾಗಾಗಿ ಊರ ಗಂಡಸರ ಕೈಗಳನ್ನು ಹೋಲಿಸಲು ಏನೂ ಇರಲಿಲ್ಲ. ಪಾಯಪ್ಪನನ್ನು ಯಾರೂ ಹಿಡಿಯಲಿಲ್ಲ. ಮೊಳಕೆ ಎಣಿಸಿ ಮನೆಗೆ ಹೋದವನು ತಾನು ಒಣಹುಲ್ಲಿನಲ್ಲಿ ಕಟ್ಟಿಟ್ಟಿದ್ದ ಮೂಟೆಗಳನ್ನು ನೋಡಿದ; ಒಂದನ್ನು ಇಲಿ ಕಡಿದಿತ್ತು. ಮರುದಿನ ಬೆಳಿಗ್ಗೆ ನಾನು ಠಾಣೆಯ ಮುಂದೆ ಚಹಾ ಕುಡಿಯುತ್ತಿದ್ದೆ. ಅವನು ಇಲಿ ಕಡಿದ ಮೂಟೆಯನ್ನೇ ತಲೆಯ ಮೇಲೆ ಹೊತ್ತು ನಡೆದು ಬಂದು ನನ್ನ ಮುಂದೆ ಇಳಿಸಿದ.

“ಸಾಹೇಬ್ರ, ಮೊದಲ ಬೀಜ ಡಬ್ಬ್ಯಾಗ ಹಾಕ್ರಿ. ಆಮ್ಯಾಲ ನನ್ನ ಒಳಗ ಹಾಕ್ರಿ.”