ಎಣ್ಣೆಯ ಕೆಳಗೆ ರಕ್ತ

ಬೆಳಿಗ್ಗೆ ಕಸ ಗುಡಿಸಲು ಬಂದವಳು ಬಾಗಿಲು ತೆರೆದವಳೇ ಚೀರಿದಳು. ಮಸಾಜ್ ಮಂಚಕ್ಕೂ ಗೋಡೆಗೂ ನಡುವೆ ಬೆಣ್ಣೆಕೈಯಮ್ಮ ಅಂಗಾತ ಬಿದ್ದಿದ್ದರು. ತಲೆಯ ಹಿಂದೆ ರಕ್ತ. ನೆಲವೆಲ್ಲ ಎಣ್ಣೆ.

ಆಪರೇಷನ್ ಆದವರು, ಸ್ನಾಯು ಹರಿದುಕೊಂಡವರು, ಉಳುಕಿಸಿಕೊಂಡವರು ಎಲ್ಲರೂ ಬರುತ್ತಿದ್ದುದು ಆ ಮಸಾಜ್ ಚಿಕಿತ್ಸಕಿಯ ಬಳಿಗೇ. ಬೆಣ್ಣೆಕೈ ಎನ್ನುವುದು ತಮಾಷೆಗಿಟ್ಟ ಹೆಸರು. ಆ ಹೆಬ್ಬೆರಳು ಗಾಯದ ಗಂಟಿನ ಮೇಲೆ ಕೂತರೆ ಮೀಸೆ ಹೊತ್ತ ಗಂಡಸರೂ ಅಮ್ಮನನ್ನು ಕರೆಯುತ್ತಿದ್ದರು. ತನಿಖೆಗೆ ಬಂದ ಇನ್‌ಸ್ಪೆಕ್ಟರಮ್ಮನಿಗೂ ಅದು ಗೊತ್ತಿತ್ತು. ಅವರ ಮಣಿಕಟ್ಟು ಮುರಿದಿದ್ದಾಗ ಮತ್ತೆ ಪೆನ್ನು ಹಿಡಿಯುವಂತೆ ಮಾಡಿದ್ದು ಈ ಕೈಗಳೇ. ಈಗ ಅವು ತಣ್ಣಗಿದ್ದವು.

"ಎಣ್ಣೆ ಚೆಲ್ಲಿದೆ, ಕಾಲು ಜಾರಿದೆ. ಕೇಸೇ ಅಲ್ಲ ಮೇಡಂ," ಎಂದ ಪೇದೆ.

"ಅಂಗಾಲು ನೋಡು. ಒಂದು ಹನಿ ಎಣ್ಣೆ ಇದ್ಯಾ?"

ಇರಲಿಲ್ಲ. ಮಂಚದ ಕಬ್ಬಿಣದ ಅಂಚಿನಲ್ಲಿ ರಕ್ತ ಒಣಗಿತ್ತು. ನೆಲದ ರಕ್ತದ ಮೇಲೆ ಎಣ್ಣೆ ಹರಿದಿತ್ತು.

"ಮೊದಲು ಬಿದ್ದಿದ್ದಾರೆ. ಆಮೇಲೆ ಯಾರೋ ಸುರಿದಿದ್ದಾರೆ."

ಪಕ್ಕದಲ್ಲೊಂದು ಪುಟ್ಟ ಬಾಟಲಿ ಉರುಳಿತ್ತು. ಇಷ್ಟು ಎಣ್ಣೆ ಅದರದ್ದಲ್ಲ. ಬೀರುವಿನ ನೆತ್ತಿಯ ಮೇಲೆ ದೊಡ್ಡ ಡಬ್ಬವಿತ್ತು. ಅಲ್ಲಿಂದ ಬೀರುವಿನ ಬಾಗಿಲ ಮೇಲೆ ಎಣ್ಣೆ ಇಳಿದಿತ್ತು. ಹತ್ತಲು ಕೋಣೆಯಲ್ಲಿ ಸ್ಟೂಲೂ ಇಲ್ಲ.

"ಡಬ್ಬ ಇಳಿಸಿ, ಸುರಿದು, ಮತ್ತೆ ಮೇಲಿಟ್ಟಿದ್ದಾರೆ. ಎರಡೂ ಕೈ ತಲೆ ಮೇಲೆ ಎತ್ತಬಲ್ಲವರ ಕೆಲಸ ಇದು," ಎಂದರು ಇನ್‌ಸ್ಪೆಕ್ಟರ್.

* * *

ಹಿಂದಿನ ಸಂಜೆ ಇಬ್ಬರು ಬರಬೇಕಿತ್ತು ಎಂದಳು ಕಸ ಗುಡಿಸುವವಳು. ಭುಜದ ಆಪರೇಷನ್ ಆದ ಅಕ್ಕ ಒಬ್ಬರು. ಮಂಡಿಯ ಆಪರೇಷನ್ ಆದ ಫುಟ್‌ಬಾಲ್ ಆಟಗಾರ ಇನ್ನೊಬ್ಬ. ಅವನಂತೂ ಮೊನ್ನೆ "ನಿನ್ನ ಕೈ ಮುರೀತೀನಿ" ಎಂದು ಬೀದಿಗೆ ಕೇಳುವಂತೆ ಕೂಗಿದ್ದ.

ಅಕ್ಕನ ಮನೆ ಪಕ್ಕದ ಬೀದಿಯಲ್ಲೇ. ಬಲಗೈ ಜೋಲಿಯಲ್ಲಿತ್ತು; ಅಂಗಿಯ ತೋಳುಗಳು ಮೈಗೆ ಬಿಗಿಯಾಗಿದ್ದವು. ತಂಗಿ ಆಕೆಯ ತಲೆ ಬಾಚುತ್ತಿದ್ದಳು.

"ಹೋಗಿದ್ದೆ. ಬಾಗಿಲು ಹಾಕಿತ್ತು, ವಾಪಸ್ ಬಂದೆ," ಎಂದಳು ಅಕ್ಕ.

ತಂಗಿಯ ಕಣ್ಣು ತುಂಬಿತು. "ಆರು ತಿಂಗಳ ಹಿಂದೆ ಆಕ್ಸಿಡೆಂಟ್ ಆದಾಗ ಕಾರು ಓಡಿಸ್ತಿದ್ದೋಳು ನಾನು ಮೇಡಂ. ನನಗೆ ಒಂದು ಗೀರೂ ಆಗ್ಲಿಲ್ಲ, ಅಕ್ಕನ ಭುಜ ಹೋಯ್ತು. ಅಮ್ಮ ಹೋದ್ಮೇಲೆ ನನ್ನ ಸಾಕಿದ್ದು ಇವಳೇ. ಇವಳ ಕೈ ಸರಿಹೋಗೋವರೆಗೂ ನನಗೆ ಮದುವೆ ಬೇಡ ಅಂದಿದೀನಿ."

ಹೊರಗೆ ಬಂದು ಪೇದೆ ಲೊಚಗುಟ್ಟಿದ. "ಪಾಪ, ಬಾಚಣಿಗೆ ಹಿಡಿಯೋಕೇ ಆಗಲ್ಲ, ಡಬ್ಬ ಎಲ್ಲಿ ಎತ್ತುತ್ತಾರೆ?"

* * *

ಆಟಗಾರ ಅಳುತ್ತಿದ್ದ.

"ಬೈದಿದ್ದು ನಿಜ. ನೋವಿಗೆ ಬೈದೆ. ನಿನ್ನೆ ಕ್ಷಮೆ ಕೇಳೋಣ ಅಂತಿದ್ದೆ. ನಾಚಿಕೆಯಾಯ್ತು, ಹೋಗ್ಲೇ ಇಲ್ಲ." ಊರುಗೋಲು ತೋರಿಸಿದ. "ಡಬ್ಬ ಇಳಿಸ್ಬೇಕಂದ್ರೆ ಇವನ್ನ ಬಿಡ್ಬೇಕು. ಬಿಟ್ರೆ ನೆಲ ಕಚ್ತೀನಿ. ಬೇಕಾದ್ರೆ ನೋಡಿ!"

ಚಡ್ಡಿ ಮೇಲೆತ್ತಿದ. ಒಂದು ತೊಡೆ ಮರದ ಕೊರಡಿನಂತಿತ್ತು. ಆಪರೇಷನ್ ಆದದ್ದು ಅದರ ಅರ್ಧವೂ ಇಲ್ಲ.

"ಕೆಲಸ ಕೊಡದಿದ್ರೆ ಮಾಂಸಖಂಡ ಹೀಗೆ ಒಣಗುತ್ತೆ ಮೇಡಂ."

ಇನ್‌ಸ್ಪೆಕ್ಟರ್ ಗಕ್ಕನೆ ನಿಂತರು. ಪ್ಲಾಸ್ಟರ್ ಬಿಚ್ಚಿದಾಗ ತಮ್ಮ ಕೈಗಡಿಯಾರವೂ ಮೊಣಕೈವರೆಗೆ ಜಾರಿತ್ತು. ಹಾಗಾದರೆ ಆ ಅಕ್ಕನ ಅಂಗಿ? ಎರಡೂ ತೋಳಿಗೆ ಒಂದೇ ಸಮ ಬಿಗಿಯಾಗಿತ್ತು.

* * *

"ಜೋಲಿ ಬಿಚ್ಚಿ," ಎಂದರು ಇನ್‌ಸ್ಪೆಕ್ಟರ್.

"ನೋವಾಗುತ್ತೆ ಅವಳಿಗೆ!" ತಂಗಿ ಅಡ್ಡ ಬಂದಳು.

"ಇಲ್ಲಮ್ಮ. ಇಷ್ಟು ಕಾಲ ಆಡದ ಕೈ ಬಡಕಲಾಗಬೇಕಿತ್ತು. ಇದು ಎಡಗೈಯಷ್ಟೇ ತುಂಬಿಕೊಂಡಿದೆ. ನೀನಿಲ್ಲದಾಗ ಚೆನ್ನಾಗೇ ದುಡಿದಿದೆ. ಮುಟ್ಟಿದರೆ ತಿಳಿಯದಿರೋಕೆ ಬೆಣ್ಣೆಕೈಯಮ್ಮ ಏನು ಹೊಸಬರೇ?" ಅಕ್ಕನತ್ತ ತಿರುಗಿದರು. "ಡಬ್ಬದ ಮೇಲೆ ಎರಡು ಕೈಯ ಗುರುತಿದೆ. ನಿಮ್ಮದರ ಜೊತೆ ತಾಳೆ ನೋಡಲಾ?"

ಅಕ್ಕ ನೆಲ ನೋಡಿದಳು.

"ಭುಜ ಗುಣವಾಗಿದೆ, ತಂಗಿಗೆ ನೀವೇ ಹೇಳಿ, ಪಾಪ ಆ ಹುಡುಗಿ ಕಾಯ್ತಿದೆ ಅಂದ್ರು. ಆಗಲ್ಲ ಅಂದೆ. ನಾನೇ ಹೇಳ್ತೀನಿ ಅಂತ ಫೋನ್ ತಗೊಂಡ್ರು. ತಳ್ಳಿದೆ. ಅಷ್ಟೇ. ಸಾಯ್ಲಿ ಅಂತ ತಳ್ಳಲಿಲ್ಲ."

"ಬಿದ್ದಾಗ ಉಸಿರಿತ್ತಾ?"

ಅಕ್ಕ ಜೋಲಿಯ ಗಂಟು ಬಿಚ್ಚಿದಳು.

"ಇತ್ತು. ನನ್ನ ಕಡೆ ಕೈ ಚಾಚಿದ್ರು. ಯಾರನ್ನಾದ್ರೂ ಕರೆದಿದ್ರೆ ಎಲ್ಲ ಗೊತ್ತಾಗ್ಬಿಡ್ತಿತ್ತು. ಮೂಲೇಲಿ ಕೂತೆ. ಅವರು ಸುಮ್ಮನಾದ್ಮೇಲೆ ಎಣ್ಣೆ ಸುರಿದೆ."

"ಯಾಕಕ್ಕ?" ತಂಗಿಯ ದನಿ ಒಡೆದಿತ್ತು.

"ನೀನು ಹೋಗ್ಬಿಡ್ತೀಯಲ್ಲ."

"ಇರು ಅಂದಿದ್ರೆ ಇರ್ತಿದ್ದೆ."

"ನಿನ್ನ ಸುಖಕ್ಕೆ ಕಲ್ಲು ಹಾಕೋ ಮಾತು ಅದು. ಬಾಯ್ಬಿಟ್ಟು ಹೇಗೆ ಕೇಳ್ಲಿ?"

ಪೇದೆ ಬೇಡಿ ತೆಗೆದ. ಅಕ್ಕ ಎರಡೂ ಕೈ ನೀಡಿದಳು. ಬಲಗೈ ಸಲೀಸಾಗಿ ಮುಂದೆ ಬಂತು. ತಂಗಿ ಧಾವಿಸಿ, ತಿಂಗಳುಗಟ್ಟಲೆ ಹಿಡಿದ ಅಭ್ಯಾಸದಲ್ಲಿ, ಆ ಭುಜದ ಕೆಳಗೆ ಅಂಗೈ ಕೊಟ್ಟಳು.

"ನೋವಿದ್ಯಾ ಅಕ್ಕ?"

"ಇಲ್ಲ," ಎಂದಳು ಅಕ್ಕ. "ಇಲ್ಲ ಕಣೇ."