ಮುಟ್ಟದೆ ಬಿಟ್ಟ ತಟ್ಟೆ

"ನನ್ನ ಗುರುತು ಸಿಕ್ತಾ?"

ಮುಂಬಯಿಯ ಮಾಟುಂಗದಲ್ಲಿ, ತನ್ನ ಹೋಟೆಲಿನ ಗಲ್ಲಾದಲ್ಲಿ ಕುಳಿತಿದ್ದ ಪ್ರೀತಮ್ ತಲೆಯೆತ್ತಿದ. ಎದುರಿಗೆ ನೀಲಿ ಕುರ್ತಾ ತೊಟ್ಟ ತೆಳ್ಳಗಿನ ಹುಡುಗಿ. ಕಣ್ಣಲ್ಲಿ ಕೆಂಡ!

"ಇಲ್ಲ... ಎಲ್ಲಿ ನೋಡಿದ್ದು?"

"ಬೊರಿವಲಿಯಲ್ಲಿ. ಮೂರು ವರ್ಷದ ಹಿಂದೆ ಹೆಣ್ಣು ನೋಡ್ಲಿಕ್ಕೆ ಬಂದಿದ್ರಿ. ನಾನು ಯಕ್ಷಿತಾ."

ಅವನ ಕೈಯಲ್ಲಿದ್ದ ಪೆನ್ನು ಜಾರಿ ಬಿತ್ತು.

ಆಹಾ! ಈ ಒಂದು ಕ್ಷಣಕ್ಕಾಗಿಯೇ ಯಕ್ಷಿತಾ ತೂಕ ಇಳಿಸಲು ಹೊಟ್ಟೆ ಕೊಯ್ಯಿಸಿಕೊಂಡಿದ್ದಳು. ಸಕ್ಕರೆ ಕಾಯಿಲೆ, ಮಂಡಿನೋವು ಎಂದು ಮನೆಯಲ್ಲಿ ಹೇಳಿದ್ದು ಸುಳ್ಳೇನಲ್ಲ. ಆದರೆ ಆಪರೇಷನ್ ಟೇಬಲ್ ಮೇಲೆ ಮಲಗಿದಾಗ ಅವಳು ನೆನೆದದ್ದು ದೇವರನ್ನಲ್ಲ, ಇವನನ್ನು!

ಅಂದು ಅವಳ ತೂಕ ನೂರ ಎಂಟು ಕಿಲೋ. ಅವರ ಊರಿನ ಕಡೆಯ ಹಿರಿಯರಿಗೆ ಒಂದು ಶಾಸ್ತ್ರವಿತ್ತು. ಹುಡುಗಿ ತಂದ ತಟ್ಟೆಯಿಂದ ಹುಡುಗ ಒಂದು ತುತ್ತು ತಿಂದರೆ ಮಾತು ಮುಂದುವರಿಯುತ್ತದೆ. ಮುಟ್ಟದೆ ಬಿಟ್ಟರೆ ಮುಗಿಯಿತು, ಯಾರೂ ಬಾಯಿಬಿಟ್ಟು ಬೇಡ ಎನ್ನಬೇಕಾಗಿಲ್ಲ.

ಪ್ರೀತಮ್ ಅವಳು ತಂದ ರವೆಯ ಶೀರಾದ ಕಡೆಗೆ ನೋಡಲೂ ಇಲ್ಲ. ಬೆವರೊರೆಸಿಕೊಂಡು ಎದ್ದು ಕೆಳಗಿಳಿದುಬಿಟ್ಟ. ಹಿಂದಿನಿಂದ ಮೆಟ್ಟಿಲಿಳಿಯುತ್ತಿದ್ದ ಅವನ ಚಿಕ್ಕಮ್ಮ ಶೀಲಾವತಿಯ ಮಾತು ಮೂರನೇ ಮಹಡಿಯವರೆಗೂ ಕೇಳಿಸಿತ್ತು.

"ಹೋಟೆಲಿನ ಬೆಳಗಿನ ಇಡ್ಲಿ ಪೂರಾ ಇವಳೊಬ್ಬಳಿಗೇ ಬೇಕಾದೀತು!"

ಆಮೇಲೆ ಯಕ್ಷಿತಾ ಆರು ತಿಂಗಳು ಕೋಣೆಯಿಂದ ಹೊರಗೆ ಬರಲಿಲ್ಲ. ಖಿನ್ನತೆಗೆ ಮಾತ್ರೆ ಶುರುವಾಯಿತು. ಎರಡು ವರ್ಷದ ಮೇಲೆ ಆಪರೇಷನ್. ಈಗ ತೂಕ ಅರವತ್ತಾರು. ಮಾಟುಂಗದಲ್ಲೇ ಕೆಲಸ ಹುಡುಕಿಕೊಂಡಿದ್ದಾಳೆ. ಅದೂ ಲೆಕ್ಕ ಹಾಕಿಯೇ!

'ಪ್ರೀತಮ್... ನೀನು ನನ್ನ ಹಿಂದೆ ಬೀಳಬೇಕು. ನಿನ್ನ ಮನೆಯವರು ಮತ್ತೆ ಹೆಣ್ಣು ಕೇಳಬೇಕು. ಆ ದಿನ ಎಲ್ಲರೆದುರು ನಾನು ನಿನ್ನ ತಟ್ಟೆ ಮುಟ್ಟದೆ ಏಳಬೇಕು!'

ದಿನವೂ ಒಂದು ಗಂಟೆಗೆ ಅವಳು ಅಲ್ಲಿಗೇ ಊಟಕ್ಕೆ ಹೋದಳು. ಆಪರೇಷನ್ ಆದ ಹೊಟ್ಟೆಗೆ ಹಿಡಿಸುವುದೇ ಅಷ್ಟು... ಅರ್ಧ ಇಡ್ಲಿ, ನಾಲ್ಕು ಚಮಚ ಹೆಸರುಕಾಳಿನ ಉಸಲಿ. ಅದನ್ನೂ ಅರ್ಧ ಗಂಟೆ ಅಗಿದು ತಿನ್ನಬೇಕು. ಎರಡನೇ ವಾರದಿಂದ ಪ್ರೀತಮ್ ಕೇಳದೆಯೇ ಪುಟ್ಟ ತಟ್ಟೆಯಲ್ಲಿ ಅಷ್ಟನ್ನೇ ಕಳಿಸತೊಡಗಿದ. ಪಕ್ಕದ ಮೇಜಿನವರನ್ನು ಬೇಗ ಏಳಿಸಿದರೂ ಅವಳನ್ನು ಮಾತ್ರ ಯಾರೂ ಅವಸರ ಮಾಡುತ್ತಿರಲಿಲ್ಲ.

"ಉಪ್ಪು ಸರಿ ಉಂಟಾ?" ಎಂದು ಒಮ್ಮೆ ಕೇಳಿದ.

"ನಿಮಗ್ಯಾಕೆ ಅಷ್ಟು ಚಿಂತೆ?"

"ನೀವು ತಿನ್ನುವುದೇ ನಾಲ್ಕು ಚಮಚ. ಅದೂ ಚೆನ್ನಾಗಿರದಿದ್ರೆ ಹೇಗೆ?"

ಅವಳ ಎದೆಯಲ್ಲಿ ಏನೋ ಕರಗಿತು. 'ಛೀ! ಕರಗಬೇಡ. ಶೀರಾ ನೆನಪಿಟ್ಟುಕೋ!'

ಎರಡು ತಿಂಗಳಲ್ಲಿ ಗಾಳಕ್ಕೆ ಮೀನು ಬಿತ್ತು. "ಮನೆಯವರನ್ನ ಕಳಿಸ್ಲಾ? ಈ ಸಲ ನನ್ನನ್ನ ಬೇಡ ಅನ್ನಬೇಡಿ" ಎಂದ ಪ್ರೀತಮ್. 'ಈ ಸಲ' ಎಂದರೇನು ಎಂದು ಕೇಳುವ ತಾಳ್ಮೆ ಗೆದ್ದವಳಿಗೆ ಎಲ್ಲಿಂದ ಬರಬೇಕು?

"ನಮ್ಮವರೇ ಬರ್ತಾರೆ. ಆದ್ರೆ ತಟ್ಟೆ ನೀವೇ ತರ್ಬೇಕು" ಎಂದಳು.

ಆ ವಾರವೇ ತೂಕ ಕೈಕೊಟ್ಟಿತು. ಅರವತ್ತೆಂಟು! ಆಪರೇಷನ್ ನಂತರ ಖಿನ್ನತೆಯ ಹಳೆಯ ಮಾತ್ರೆ ಮೈಗೆ ಸರಿಯಾಗಿ ಹಿಡಿಯುತ್ತಿರಲಿಲ್ಲ. ಮನೋವೈದ್ಯೆ ಡಾಕ್ಟರ್ ಮಹಾದೇವಿ ಅದನ್ನು ಬದಲಿಸಿದ್ದರು. ಹೊಸ ಮಾತ್ರೆಯಿಂದ ನಿದ್ದೆ ಬಂತು, ಅಳು ನಿಂತಿತು. ಜೊತೆಗೆ ಹಸಿವೂ ಬಂತು.

"ಹಸಿವು ಹೆಚ್ಚಾದ್ರ ನನಗ ಹೇಳವ್ವಾ, ಬದಲಿ ಮಾಡೂಣು. ನೀನಾಗೇ ಮಾತ್ರಿ ಬಿಡಬ್ಯಾಡ ಮತ್ತ!" ಎಂದು ತಮ್ಮ ಕಲಬುರ್ಗಿ ಮಾತಿನಲ್ಲಿ ಅವರು ಎಚ್ಚರಿಸಿದ್ದರು.

ಯಕ್ಷಿತಾ ಹೇಳಲಿಲ್ಲ. ಬಿಟ್ಟಳು. ಸೇಡಿನ ದಿನ ದಪ್ಪ ಕಾಣುವುದೇ? ಸಾಧ್ಯವೇ ಇಲ್ಲ!

ಎದುರಾಳಿಗೆ ಅಪಶಕುನವಾಗಲೆಂದು ಒಬ್ಬ ತನ್ನ ಮೂಗನ್ನೇ ಕೊಯ್ದುಕೊಂಡನಂತೆ. ಇವಳದೂ ಅದೇ ಕಥೆ. ನಾಲ್ಕನೇ ದಿನಕ್ಕೆ ನಿದ್ದೆ ಹೋಯಿತು. ಲೋಕಲ್ ರೈಲಿನಲ್ಲಿ ನಿಂತಲ್ಲೇ ಕಾರಣವಿಲ್ಲದೆ ಕಣ್ಣೀರು. ಹಸಿವು ಪೂರ್ತಿ ಸತ್ತಿತು. ಅದನ್ನೂ ಅವಳು ಗೆಲುವೆಂದೇ ತಿಳಿದಳು, ಹುಚ್ಚು ಹುಡುಗಿ!

ಭಾನುವಾರ, ಬೆಳಗಿನ ಹನ್ನೊಂದು. ಹೋಟೆಲಿನ ಮಹಡಿಯಲ್ಲಿ ಎರಡೂ ಮನೆಯವರು ಸೇರಿದ್ದರು. ಯಕ್ಷಿತಾಳ ತಂದೆ ರಮಾನಾಥ ಬಿಗಿದ ಮುಖದಲ್ಲಿ ಕುಳಿತಿದ್ದರು. ಶೀಲಾವತಿ ಮಾತ್ರ ಮೈಯೆಲ್ಲ ಬಾಯಾಗಿದ್ದಳು.

"ಅರೇ, ಎಷ್ಟು ಸಪೂರ ಆಗಿದ್ದಿ ಮಾರಾಯ್ತಿ! ಈಗ ನಮ್ಮ ಪ್ರೀತಮನಿಗೆ ಒಪ್ಪುತ್ತದೆ ನೋಡು!"

ಯಕ್ಷಿತಾ ಹಲ್ಲು ಕಚ್ಚಿದಳು. 'ಇನ್ನೆರಡು ನಿಮಿಷ ತಡಿ...'

ಪ್ರೀತಮ್ ತಟ್ಟೆ ತಂದಿಟ್ಟ. ಅದೇ ಅರ್ಧ ಇಡ್ಲಿ, ನಾಲ್ಕು ಚಮಚ ಉಸಲಿ. ಅವಳು ಒಂದೇ ಬೆರಳಿನಿಂದ ತಟ್ಟೆಯನ್ನು ದೂರ ತಳ್ಳಿದಳು.

ಶೀಲಾವತಿಗೆ ಅರ್ಥವಾಗಲು ಕ್ಷಣವೂ ಹಿಡಿಯಲಿಲ್ಲ. "ಎಂತ ಅಹಂಕಾರ ಇದು! ಕರೆದು ಕೂರಿಸಿ ಅವಮಾನ ಮಾಡ್ತೀರಾ?"

ಮೂರು ವರ್ಷ ಕಾದ ಕ್ಷಣ! ಯಕ್ಷಿತಾ ಪ್ರೀತಮನ ಮುಖ ನೋಡಿದಳು. ಅಲ್ಲಿ ಅವಮಾನ ಕಾಣಬೇಕಿತ್ತು. ಕಂಡದ್ದು ಭಯ...

"ಮಾತ್ರೆ ಬಿಟ್ಟಿದ್ದೀರಾ?" ಅವನು ಮೆಲ್ಲಗೆ ಕೇಳಿದ.

"ಏ... ಏನು?"

"ನನ್ನ ಅಪ್ಪ ಹೇಳ್ತಿದ್ರು. ಗಿರಾಕಿಯ ಬಾಯಿ ನಂಬಬೇಡ, ತೊಳೀಲಿಕ್ಕೆ ಹೋಗುವ ತಟ್ಟೆ ನೋಡು ಅಂತ. ಎಂಟು ದಿನದಿಂದ ನಿಮ್ಮ ತಟ್ಟೆ ಹಾಗೇ ವಾಪಸ್ ಬರ್ತಾ ಉಂಟು. ಕೈ ನಡುಗ್ತದೆ. ಕಣ್ಣು ಕೆಂಪಾಗಿದೆ. ನೀವು ಊಟದ ನಂತರ ತೆಗೊಳ್ತಿದ್ದ ಆ ಮಾತ್ರೆ ಈಗ ಕಾಣೋದಿಲ್ಲ."

"ಅದು ಏನು ಮಾತ್ರೆ ಅಂತ ನಿಮಗೆ ಹೇಗೆ ಗೊತ್ತು?"

ಪ್ರೀತಮ್ ಒಮ್ಮೆ ಚಿಕ್ಕಮ್ಮನನ್ನು ನೋಡಿದ. ಆಮೇಲೆ ಗಟ್ಟಿಯಾಗಿಯೇ ಹೇಳಿದ.

"ಅಂಥದ್ದೇ ನಾನೂ ತಿಂತೇನೆ. ಮೂರು ವರ್ಷ ಆಯ್ತು. ಅಪ್ಪ ಹೋದ ಮೇಲೆ ಶುರುವಾದದ್ದು."

"ಎಂತ ಹೇಳ್ತಿ! ಮರ್ಲಿನ ಮಾತ್ರೆಯಾ, ಹುಚ್ಚಿನದ್ದಾ?" ಶೀಲಾವತಿ ಎದೆ ಹಿಡಿದುಕೊಂಡಳು.

"ಹೌದು ಚಿಕ್ಕಮ್ಮ, ನೀವು ಹಾಗೆ ಕರೀತೀರಿ ಅಂತಲೇ ಹೇಳ್ಲಿಲ್ಲ. ಬೊರಿವಲಿಗೆ ಹೋದದ್ದು ಮಾತ್ರೆ ಶುರು ಮಾಡಿದ ಮೂರನೇ ದಿನ. ಶೀರಾದ ವಾಸನೆಗೇ ಹೊಟ್ಟೆ ತೊಳೆಸಿತು. ಕೆಳಗೆ ಓಡಿ ಗೇಟಿನ ಹತ್ರ ವಾಂತಿ ಮಾಡಿದೆ. ಹುಡುಗಿ ಒಪ್ಪಿಗೆ ಅಂತ ಟ್ಯಾಕ್ಸಿಯಲ್ಲೇ ಹೇಳಿದ್ದೆ ನಿಮಗೆ. ಮರುದಿನ ಅವರ ಕಡೆಯಿಂದಲೇ ಬೇಡ ಅಂತ ಬಂತು."

ರಮಾನಾಥ ತಲೆತಗ್ಗಿಸಿದರು. "ಫೋನ್ ಮಾಡಿದ್ದು ನಾನೇ. ನೀವು ತಟ್ಟೆ ಮುಟ್ಟಲಿಲ್ಲವಲ್ಲ... ನೀವು ಬೇಡ ಅನ್ನುವ ಮೊದಲು ನಾವೇ ಅಂದುಬಿಡುವ ಅಂತ..."

"ತಟ್ಟೆ ಮುಟ್ಟದಿದ್ರೆ ಬೇಡ ಅಂತಲಾ?" ಮುಂಬಯಿಯಲ್ಲೇ ಹುಟ್ಟಿ ಬೆಳೆದ ಪ್ರೀತಮ್ ಕಣ್ಣು ಕಣ್ಣು ಬಿಟ್ಟ. "ನನಗೆ ಯಾರೂ ಹೇಳ್ಲೇ ಇಲ್ಲ!"

ಎಲ್ಲರೂ ಶೀಲಾವತಿಯತ್ತ ತಿರುಗಿದರು. ಆಕೆಗೆ ಶಾಸ್ತ್ರ ಗೊತ್ತಿತ್ತು. ಹುಡುಗನ ಒಪ್ಪಿಗೆಯೂ ಗೊತ್ತಿತ್ತು. ಆದರೂ ಅಂದು ಬೇಕೆಂದೇ ಬಾಯಿಗೆ ಬೀಗ ಹಾಕಿದ್ದಳು.

ಯಕ್ಷಿತಾ ಪ್ರೀತಮನನ್ನೇ ದಿಟ್ಟಿಸಿದಳು. ಇವನು ಅಂದೇ ಒಪ್ಪಿದ್ದನೇ? ನೂರ ಎಂಟು ಕಿಲೋದ ನನ್ನನ್ನು? ಮೂರು ವರ್ಷದ ಸಿಟ್ಟಿಗೆ ಹೋಗಲು ಜಾಗವೇ ಉಳಿಯಲಿಲ್ಲ. ಅವಳು ಬಿಕ್ಕಿ ಬಿಕ್ಕಿ ಅತ್ತಳು.

"ನಿಮ್ಮನ್ನ ಅವಮಾನ ಮಾಡ್ಲಿಕ್ಕೇ ಬಂದದ್ದು ನಾನು... ತೆಳ್ಳಗೆ ಕಾಣಬೇಕು ಅಂತಲೇ ಮಾತ್ರೆ ಬಿಟ್ಟೆ. ಹನ್ನೊಂದು ದಿನ ಆಯ್ತು. ನಿನ್ನೆ ದಾದರ್ ಪ್ಲಾಟ್‌ಫಾರ್ಮ್‌ನಲ್ಲಿ... ರೈಲು ಬರುವಾಗ ಒಂದು ಹೆಜ್ಜೆ ಮುಂದೆ ಹಾಕಿದ್ದೆ ಪ್ರೀತಮ್..."

ಅವಳ ಅಮ್ಮ ಚೀರಿ ಮಗಳನ್ನು ಬಾಚಿ ತಬ್ಬಿದಳು. ಪ್ರೀತಮ್ ಮೇಜಿನ ಮೇಲಿದ್ದ ಅವಳ ಫೋನ್ ಎತ್ತಿ ಕೊಟ್ಟ.

"ಡಾಕ್ಟರಿಗೆ ಫೋನ್ ಮಾಡಿ. ಈಗಲೇ. ಎಲ್ಲರೆದುರೇ ಮಾಡಿ, ನಾಚಿಕೆ ಎಂತದ್ದು!"

ಯಕ್ಷಿತಾ ಫೋನ್ ಮಾಡಿದಳು. ಏನನ್ನೂ ಮುಚ್ಚಿಡಲಿಲ್ಲ.

"ಈಗಿಂದೀಗ ಬಾ ಅವ್ವಾ. ಒಬ್ಬಾಕಿ ಬರಬ್ಯಾಡ" ಎಂದರು ಡಾಕ್ಟರ್ ಮಹಾದೇವಿ. "ಹಸಿವಿಗೂ ದಾರಿ ಹುಡುಕೂಣು, ಮನಸಿಗೂ ಹುಡುಕೂಣು. ಏನರ ತಿಂದೀಯೇನ?"

"ಇಲ್ಲ..."

ಅವಳು ತಟ್ಟೆಯತ್ತ ಕೈ ಚಾಚಿದಳು. ಪ್ರೀತಮ್ ಅದನ್ನು ಥಟ್ಟನೆ ಎತ್ತಿಕೊಂಡ.

"ಇದು ಬೇಡ. ಇದನ್ನ ತಿಂದ್ರೆ ಎಲ್ಲರೂ ಒಪ್ಪಿಗೆ ಅಂದುಕೊಳ್ತಾರೆ. ಕೆಳಗೆ ಬೇರೆ ಕೊಡಿಸ್ತೇನೆ. ಹೊಟ್ಟೆಗೋಸ್ಕರ ತಿನ್ನಿ. ನನಗೆ ಉತ್ತರ ಬೇಕಾದ್ರೆ ಬಾಯಲ್ಲೇ ಹೇಳಿ... ಯಾವಾಗಾದ್ರೂ."

ಕೆಳಗೆ, ಅಡುಗೆಮನೆಯ ಬಾಗಿಲಲ್ಲಿ ನಿಂತು ಅವಳು ಎರಡು ಚಮಚ ಉಸಲಿ ತಿಂದಳು. ಅವನು ಟ್ಯಾಕ್ಸಿ ಕರೆದ. ಅಮ್ಮ ಅಪ್ಪ ಹಿಂದೆ ಕುಳಿತರು. ಯಕ್ಷಿತಾ ಬಾಗಿಲು ಹಿಡಿದು ನಿಂತಳು.

"ಪ್ರೀತಮ್, ಮಾತ್ರೆಯಿಂದ ಮತ್ತೆ ತೂಕ ಏರಿದ್ರೆ?"

"ಮೊದಲು ಒಪ್ಪಿದ್ದು ಯಾರನ್ನ ಅಂತ ಮರೆತು ಹೋಯ್ತಾ?"

ಅವಳು ಕಣ್ಣೊರೆಸಿಕೊಂಡಳು. "ಹಾಗಾದ್ರೆ ಬಾಯಲ್ಲೇ ಹೇಳ್ತೇನೆ, ಕೇಳಿ. ನನಗೆ ಒಪ್ಪಿಗೆ! ಆದ್ರೆ ನನ್ನ ಸಿಟ್ಟು ಇನ್ನೂ ಹೋಗಿಲ್ಲ."

"ಎಷ್ಟು ಉಂಟು?"

"ಜೀವನ ಪೂರ್ತಿ ಆಗುವಷ್ಟು!"

"ಅಡ್ಡಿಯಿಲ್ಲ" ಎಂದ ಪ್ರೀತಮ್, ಅವಳನ್ನು ಅಮ್ಮನ ಪಕ್ಕ ಹತ್ತಿಸಿ ತಾನು ಮುಂದೆ ಕೂರುತ್ತ. "ದಿನಾ ಸ್ವಲ್ಪ ಸ್ವಲ್ಪ ತೀರಿಸ್ಕೊಳ್ಳಿ. ಅಷ್ಟು ದಿನ ಬದುಕಿರಬೇಕು ಮತ್ತೆ, ನೆನಪಿರ್ಲಿ."