ಹಡಗುದಾರಿಯಲ್ಲಿ ಮೂವರು

ಸಮುದ್ರದಲ್ಲಿ ಎರಡು ದಿನದಿಂದ ಕಾಣೆಯಾಗಿದ್ದ ನನ್ನ ತಮ್ಮನ ಶವ ಎದುರು ದಡದಲ್ಲಿ ಸಿಕ್ಕಿತೆಂದು ಬೆಳಿಗ್ಗೆ ಸುದ್ದಿ ಬಂತು. ಅವನ ಮಗಳನ್ನು ಕೂರಿಸಿಕೊಂಡು ನಮ್ಮ ಹಾಯಿದೋಣಿಯಲ್ಲಿ ಹೊರಟೆ. ನಡುವೆ ಸರಕು ಹಡಗುಗಳ ದಾರಿ. ಅದನ್ನು ದಾಟುವ ಮೊದಲು ಬಂದರಿನ ಸಂಚಾರ ಕೊಠಡಿಗೆ ರೇಡಿಯೊದಲ್ಲಿ ತಿಳಿಸಬೇಕು, ದೋಣಿಯಲ್ಲಿ ಎಷ್ಟು ಜನರೆಂದೂ ಹೇಳಬೇಕು. ದುಃಖದಲ್ಲಿ ನಾನು ರೇಡಿಯೊ ಹಾಕುವುದನ್ನೇ ಮರೆತೆ.

ನಡುದಾರಿಯಲ್ಲಿ ಮಂಜು ಮುತ್ತಿತು.

“ಎಷ್ಟು ಕೆಮ್ತೀರಿ ದೊಡ್ಡಪ್ಪ!” ಎಂದಳು ಹುಡುಗಿ.

“ನಾನೆಲ್ಲಮ್ಮ ಕೆಮ್ಮಿದೆ?”

ಆಗ ನನಗೂ ಕೇಳಿಸಿತು, ಬೆನ್ನ ಹಿಂದೆ, ತಮ್ಮನ ಆ ಹಳೆಯ ಒಣಕೆಮ್ಮು. ತಿರುಗಿ ನೋಡಿದರೆ ಖಾಲಿ ಹಲಗೆ. ಮುಟ್ಟಿದರೆ ಕೈ ಮರಗಟ್ಟುವಷ್ಟು ತಣ್ಣಗಿತ್ತು. ಅಷ್ಟರಲ್ಲಿ ಮೂರಂತಸ್ತಿನ ಮನೆಯಷ್ಟು ಎತ್ತರದ ಹಡಗೊಂದು ಮಂಜಿನಿಂದ ಹೊರಬಂದು, ಇನ್ನೇನು ನಮ್ಮ ಮೇಲೇರಬೇಕು, ಪಕ್ಕಕ್ಕೆ ಹೊರಳಿ ಹೋಯಿತು.

ಕೂಡಲೇ ರೇಡಿಯೊ ಹಾಕಿ, ಕೊಠಡಿಯವನಿಗೆ ತಪ್ಪೊಪ್ಪಿಕೊಂಡೆ.

“ಏನ್ ಯಜಮಾನ್ರೇ, ತಮಾಷೆನಾ?” ಎಂದ ಆತ. “ಹಡಗು ತಿರುಗಿಸಿ ಅಂತ ನೀವೇ ಮೂರು ಸಲ ಕೂಗಿದ್ರಲ್ಲ! ಕೆಮ್ಮಿನಲ್ಲಿ ಅರ್ಧ ಮಾತು ತಿಳೀಲೇ ಇಲ್ಲ.”

“ನಾವು ಕೂಗಲಿಲ್ಲಪ್ಪ. ಇಲ್ಲಿರೋದು ನಾವಿಬ್ಬರೇ.”

“ಮೂರು ಜನ ಅಂದ್ರಿ, ಹಾಗೇ ಬರ್ಕೊಂಡಿದೀನಿ. ದೋಣಿ ಹೆಸರೂ ನಿಮ್ಮದೇ.”

ಆ ದಾಖಲೆಯನ್ನು ಆಮೇಲೆ ನಾನೇ ಕಣ್ಣಾರೆ ಕಂಡೆ. ಮೂವರೆಂದೇ ಇದೆ. ಆ ಹೊತ್ತಿಗೆ ನನ್ನ ತಮ್ಮ ಎದುರು ದಡದಲ್ಲಿ ಬಿಳಿ ಬಟ್ಟೆಯಡಿ ಮಲಗಿದ್ದ.

ದೇವರೇ, ದಣಿದ ಆ ಜೀವಕ್ಕೆ ಇನ್ನಾದರೂ ಶಾಂತಿ ಕೊಡು.